ಟೀಚರ್‌ಗೆ ತಲೆ ತಿರುಗಿರಲಿಲ್ಲ

ಅವರ ನಿವೃತ್ತಿಯ ಬೀಳ್ಕೊಡುಗೆ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದು ಶಾಲೆಯವರು ಕೇಳಿದ್ದರು. ಬರೆದುಕೊಟ್ಟೆ. ಶಿಸ್ತು, ಮಾತೃಹೃದಯ, ಕಾಯಿಲೆಯ ನಡುವೆಯೂ ಮಾಸದ ನಗು ಎಂದೆಲ್ಲ ಬರೆದು ಕಳಿಸಿದೆ. ಅದು ಅಚ್ಚಾಗಿ, ಹೋದ ತಿಂಗಳು ಸಭೆಯಲ್ಲಿ ಎಲ್ಲರ ಕೈಗೂ ಒಂದೊಂದು ಪ್ರತಿ ಬಂತು. ಆ ಎರಡು ಪುಟಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅವರು ನಮ್ಮ ಹೈಸ್ಕೂಲಿನ ಪಿ.ಟಿ. ಟೀಚರ್. ಶಂಕರಪುರದ ಕ್ರೈಸ್ತರ ಮನೆಯವರು, ಮನೆಮಾತು ಕೊಂಕಣಿ. ಮದುವೆಯಾಗಿರಲಿಲ್ಲ. ಬಿಳಿ ಸೀರೆ, ಕ್ಯಾನ್ವಾಸ್ ಶೂ, ಕೊರಳಲ್ಲಿ ಶಿಲುಬೆಯ ಸರದ ಜತೆಗೆ ಒಂದು ಸೀಟಿ. ಗದರಿಸುವಾಗ ಅವರು ದನಿ ಏರಿಸುತ್ತಿರಲಿಲ್ಲ, ತಗ್ಗಿಸುತ್ತಿದ್ದರು. ಮೈದಾನದ ಆ ತುದಿಯಲ್ಲಿ ನಿಂತವರೂ ಕೇಳಿಸಿಕೊಳ್ಳಲು ಹತ್ತಿರ ಬರಬೇಕಾಗುತ್ತಿತ್ತು. ಬಂದ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವರು ನಾಲ್ಕು ತಿಂಗಳು ಶಾಲೆಗೆ ಬರಲಿಲ್ಲ. ಏನಾಗಿದೆ ಎಂದು ಯಾರೂ ಹೇಳಲಿಲ್ಲ. ದೊಡ್ಡವರು ‘ಅದು’ ಎನ್ನುತ್ತಿದ್ದರು, ಅಷ್ಟೆ. ಎಡಗಡೆಯ ಮೊಲೆ ತೆಗೆದಿದ್ದಾರೆ ಎಂದು ನಮಗೆ ಗೊತ್ತಾದದ್ದು ಹುಡುಗಿಯರ ಪಿಸುಮಾತಿನಿಂದ. ಆಪರೇಷನ್ ಆದ ಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಳ್ಳಲು ಅವರು ಪ್ರತಿದಿನ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಬರುತ್ತಿದ್ದರು. ಅವರು ಕುಳಿತ ಸೀಟಿನ ಪಕ್ಕದ ಜಾಗ ಕಟಪಾಡಿಯವರೆಗೂ ಖಾಲಿ ಇರುತ್ತಿತ್ತು. ನಿಂತುಕೊಂಡು ಹೋದವರಲ್ಲಿ ನನ್ನ ಅಪ್ಪನೂ ಒಬ್ಬರು. ಇದನ್ನು ನಾನು ಕೇಳಿ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ.

ಇನ್ನೊಂದೂ ನಡೆಯಿತು. ಅವರ ಅಂಗಳದಲ್ಲಿ ನಲವತ್ತು ಮಲ್ಲಿಗೆ ಗಿಡಗಳಿದ್ದವು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಏಜೆಂಟನಿಗೆ ಕೊಡುವುದು ನಮ್ಮಲ್ಲಿ ಮನೆಮನೆಯ ಕೆಲಸ. ಆ ವರ್ಷ ಏಜೆಂಟ್ ಅವರ ಚೆಂಡುಗಳನ್ನು ಬೇರೆ ಬುಟ್ಟಿಯಲ್ಲಿಟ್ಟ. ಮರುವಾರ ತೆಗೆದುಕೊಳ್ಳುವುದನ್ನೇ ಬಿಟ್ಟ. “ದೇವರ ತಲೆಗೆ ಹೋಗುವ ಹೂವು ಟೀಚರೇ, ಬೇಸರ ಮಾಡಬೇಡಿ” ಎಂದನಂತೆ. ಆಮೇಲೆ ಅವರು ಕೊಯ್ಯುವುದು, ಪಕ್ಕದ ಮನೆಯವರು ಕಟ್ಟುವುದು ಎಂದಾಯಿತು. ಆ ಬೆರಳುಗಳಿಗೆ ರೋಗವಿರಲಿಲ್ಲ. ರೋಗ ಇದ್ದದ್ದನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ಯಾವ ಡಿಗ್ರಿ ಬೇಕಿತ್ತು?

ಶಾಲೆಗೆ ಮರಳಿದ ದಿನ ಅವರು ಡ್ರಿಲ್ ಮಾಡಿಸಿದರು. “ಎರಡೂ ಕೈ ಮೇಲೆ!” ನಾವು ಎತ್ತಿದೆವು. ಅವರ ಬಲಗೈ ಮೇಲೆ ಹೋಯಿತು, ಎಡಗೈ ಭುಜದ ಮಟ್ಟದಲ್ಲಿ ನಿಂತಿತು. ನಾವೆಲ್ಲ ಕೈ ಇಳಿಸಿದರೂ ಅವರು ಇಳಿಸಲಿಲ್ಲ. ಅವರ ಮನೆಯ ಗೋಡೆಯಲ್ಲಿ ಸೀಮೆಸುಣ್ಣದ ಗೆರೆಗಳಿದ್ದವು. ದಿನಾ ಗೋಡೆಗೆ ಮುಖ ಮಾಡಿ ನಿಂತು, ಎಡಗೈಯ ಬೆರಳುಗಳನ್ನು ಜೇಡದ ಹಾಗೆ ಮೇಲೇರಿಸಿ, ಮುಟ್ಟಿದಲ್ಲಿ ಒಂದು ಗೆರೆ. ವರ್ಷ ಮುಗಿಯುವಾಗ ಆ ಗೆರೆ ಬಾಗಿಲ ದಾರಂದದ ಎತ್ತರ ದಾಟಿತ್ತು. “ನೋಡು, ಈ ವಯಸ್ಸಿನಲ್ಲಿ ಉದ್ದ ಆಗ್ತಾ ಇದ್ದೇನೆ” ಎಂದರು.

ನಾಲ್ಕು ವರ್ಷಗಳ ನಂತರ ನಾನು ಉಡುಪಿಯಲ್ಲಿ ಬಿ.ಎ. ಓದುತ್ತಿದ್ದೆ. ಒಂದು ಸಂಜೆ ಅವರೇ ನಮ್ಮ ಮನೆಗೆ ಬಂದರು. ಕರೆಂಟು ಕೊಡಿಸಿಕೊಳ್ಳಲು ದೂರದಿಂದ ಬರುವ ಬಡವರಿಗೆ ಮಣಿಪಾಲದ ಆಸುಪಾಸಿನಲ್ಲಿ ಯಾರೂ ಬಾಡಿಗೆಗೆ ಕೋಣೆ ಕೊಡುವುದಿಲ್ಲ, ರೋಗದ ಹೆಸರು ಕೇಳಿದರೆ ಬಾಗಿಲು ಹಾಕುತ್ತಾರೆ. ಅವರಿಗಾಗಿ ಎರಡು ಕೋಣೆ ಕಟ್ಟಿಸಬೇಕು. ಅದಕ್ಕೆ ಹಣ ಕೂಡಿಸಲು ಕಾಪುವಿನ ದೀಪಸ್ತಂಭದಿಂದ ಮಣಿಪಾಲದ ಗುಡ್ಡದವರೆಗೆ ಒಂದು ಓಟ. ಮುಂದೆ ಓಡುವವರು ಅವರೇ.

“ನಿಮಗೆ ಆಗ್ತದಾ ಟೀಚರೇ?” ಎಂದು ಅಮ್ಮ ಕೇಳಿದರು.

“ಆಗ್ತದೆ ಎಂದು ತೋರಿಸಲಿಕ್ಕೇ ಓಡುವುದು. ಕೋಣೆ ಯಾರಾದರೂ ಕಟ್ಟಿಸಿಯಾರು. ಅದು ಬಂದವರು ಸಾಯುವುದೇ ಅಲ್ಲ ಎಂದು ಈ ಊರಿಗೆ ಯಾರು ತೋರಿಸುವುದು? ನಿಮ್ಮ ಮಗಳನ್ನು ನನ್ನ ಜತೆಗೆ ಕಳಿಸಿ. ಒಬ್ಬಳೇ ಓಡಿದರೆ ಹುಚ್ಚು ಎನ್ನುತ್ತಾರೆ, ಇಬ್ಬರು ಓಡಿದರೆ ಪ್ರಾಕ್ಟೀಸು.”

ಗಲ್ಫಿನಲ್ಲಿದ್ದ ಅವರ ತಮ್ಮ ಕಳಿಸಿದ ನೀಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ಅವರು ಓಡುತ್ತಿದ್ದರು. ಐವತ್ತೊಂದು ವರ್ಷದ ಹೆಂಗಸು ಪ್ಯಾಂಟು ಹಾಕಿ ರಸ್ತೆಯಲ್ಲಿ ಓಡುವುದನ್ನು ನೋಡಲು ಮೊಗ್ಗು ಕೊಯ್ಯುವವರು ಬುಟ್ಟಿ ಕೆಳಗಿಟ್ಟು ಬೇಲಿಯ ಬಳಿ ಬರುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಕಾಪುವಿನ ಮರಳಿನಲ್ಲಿ ಓಟ. ಅಲ್ಲಿ ಮೀನು ಹೆಕ್ಕುತ್ತಿದ್ದ ಮೊಗೇರರ ಹೆಂಗಸೊಬ್ಬಳು ಒಮ್ಮೆ ಕೂಗಿದಳು: “ಯಾರು ಓಡಿಸಿಕೊಂಡು ಬರ್ತಾ ಇದ್ದಾರೆ ಟೀಚರೇ?”

“ಬಂದವನನ್ನು ನಾನೇ ಓಡಿಸಿ ಆಯಿತು ಮಾರಾಯ್ತಿ!” ಎಂದು ಇವರು ನಿಲ್ಲದೆ ಉತ್ತರ ಕೊಟ್ಟರು. ಆ ಹೆಂಗಸು ನಕ್ಕು ನಕ್ಕು ಬುಟ್ಟಿಯ ಮೇಲೆ ಬಿದ್ದಳು.

ಎಡ ಎದೆಯ ಜಾಗಕ್ಕೆ ಅವರು ಒಂದು ಬಟ್ಟೆಯ ಚೀಲ ಹೊಲಿದುಕೊಂಡಿದ್ದರು. ಹತ್ತಿ ತುಂಬಿದರೆ ಹಗುರ, ಓಡುವಾಗ ಮೈ ಒಂದು ಕಡೆಗೆ ವಾಲುತ್ತದೆ. ಅದಕ್ಕೆ ಹುರುಳಿ ತುಂಬಿದ್ದರು. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ, “ದೇವರು ಕೊಟ್ಟಷ್ಟೇ ಇಟ್ಟಿದ್ದೇನೆ, ಹೆಚ್ಚು ಆಸೆ ಮಾಡಲಿಲ್ಲ” ಎನ್ನುತ್ತಿದ್ದರು. ಜೂನ್ ತಿಂಗಳಲ್ಲಿ ಎರಡು ದಿನ ಬಿಡದೆ ಮಳೆಯಲ್ಲಿ ಓಡಿದೆವು. ಚೀಲ ಒಣಗಿರಲಿಲ್ಲ, ಅವರು ಅದನ್ನು ಹಾಗೇ ಸುತ್ತಿಟ್ಟು ಮರೆತಿದ್ದರು. ಮೂರನೆಯ ಬೆಳಿಗ್ಗೆ ನನ್ನನ್ನು ಒಳಗೆ ಕರೆದು ತೋರಿಸಿದರು. ಬಟ್ಟೆಯ ಎಳೆಗಳ ನಡುವಿನಿಂದ ಬಿಳಿಯ ಮೊಳಕೆಗಳು ಹೊರಬಂದಿದ್ದವು.

“ಡಾಕ್ಟರ್ ಕೊಯ್ದದ್ದು ಮತ್ತೆ ಹುಟ್ಟಿತು ನೋಡು! ಸಾರು ಮಾಡುದಾ?”

ನನಗೆ ನಗಬಹುದೋ ನಗಬಾರದೋ ಗೊತ್ತಾಗಲಿಲ್ಲ. ಅವರು ಮಂಚದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೆ ಗೊತ್ತಿದ್ದ ಟೀಚರ್ ಇವರು. ಅಚ್ಚಾದ ನನ್ನ ಎರಡು ಪುಟಗಳಲ್ಲಿ ಈ ಹುರುಳಿ ಇಲ್ಲ. ಸಭ್ಯವಾಗಿರಲಿಲ್ಲ ಎಂದು ಬಿಟ್ಟೆ.

ಈಗ ಬಸ್ಸಿನ ವಿಷಯಕ್ಕೆ ಬರಬೇಕು. ಶಾಲೆಯ ಸ್ಟಾಪ್‌ವಾಚು ಮುಖ್ಯೋಪಾಧ್ಯಾಯರ ಬೀರುವಿನಲ್ಲಿತ್ತು. ಶಾಲೆಯ ಕೆಲಸಕ್ಕಲ್ಲದೆ ಕೊಡಲಾಗದು ಎಂದರು. “ಬಸ್ಸಿನ ಟೈಮಿಂಗ್ ಇರುವಾಗ ವಾಚು ಎಂತಕ್ಕೆ?” ಎಂದರು ಟೀಚರ್. ನಮ್ಮ ಕಡೆಯ ಖಾಸಗಿ ಬಸ್ಸುಗಳ ವಿಷಯ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಒಂದು ನಿಮಿಷ ಹೆಚ್ಚುಕಡಿಮೆಯಾದರೆ ಹಿಂದಿನ ಬಸ್ಸಿನವನು ಸ್ಟ್ಯಾಂಡಿನಲ್ಲಿ ಜಗಳಕ್ಕೆ ನಿಲ್ಲುತ್ತಾನೆ. ಬೆಳ್ಮಣ್ ಕಡೆಯಿಂದ ಬಂದು ಉಡುಪಿಗೆ ಹೋಗುವ ಬಸ್ಸು ಆರು ಐವತ್ತಕ್ಕೆ ನಮ್ಮ ಇಗರ್ಜಿಯನ್ನು, ಅಂದರೆ ಚರ್ಚನ್ನು, ದಾಟುತ್ತಿತ್ತು. ಅದರ ಹಾರ್ನು ಎರಡು ಸಣ್ಣ, ಒಂದು ಉದ್ದ. ನಾವು ಆರು ಇಪ್ಪತ್ತಕ್ಕೆ ಇಗರ್ಜಿಯ ಗೇಟಿನಿಂದ ಹೊರಡುವುದು, ಅದು ನಮ್ಮನ್ನು ಎಲ್ಲಿ ಹಿಡಿಯುತ್ತದೆ ಎಂದು ನೋಡುವುದು. ಮೊದಲ ವಾರ ಭಜನಾಮಂದಿರದ ಎದುರು ಹಿಡಿಯಿತು. ಆಮೇಲೆ ಅಕ್ಕಿಮಿಲ್ಲು. ಆಮೇಲೆ ಮೋರಿ. ಕಟಪಾಡಿ ಪೇಟೆಯ ಮೊದಲ ಅಂಗಡಿ ನಮ್ಮ ಗುರಿ.

ಹಾರ್ನು ಕೇಳಿದ ಕೂಡಲೇ ಡಾಮರಿನಿಂದ ಎಡಗಡೆಯ ಮಣ್ಣಿಗೆ ಇಳಿಯುವುದು, ಬಸ್ಸು ಹೋದ ಕೂಡಲೇ ಮತ್ತೆ ಡಾಮರಿಗೆ ಹತ್ತುವುದು. ಮುಂದಿನ ಬಸ್ಸು ಏಳು ಹದಿನೈದಕ್ಕೆ, ಅಲ್ಲಿಯವರೆಗೆ ರಸ್ತೆ ನಮ್ಮದು. ಆರು ಐವತ್ತರ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತ, “ಹತ್ತುದಾ ಟೀಚರೇ? ಸೀಟು ಉಂಟು!” ಎಂದು ಕೂಗುತ್ತಿದ್ದ. “ನಿನ್ನ ಬಸ್ಸಿಗಿಂತ ಮೊದಲು ನಾನು ಮಣಿಪಾಲ ಮುಟ್ಟುತ್ತೇನೆ, ಹೋಗು!” ಎಂದು ಇವರು. ನನಗೆ ಮಾತ್ರ ಒಂದೇ ಬೈಗಳು: “ಉಸಿರು ಮೇಲಿಂದ ತೆಗೆಯಬೇಡ. ಹೊಟ್ಟೆಯಿಂದ ತೆಗಿ.” ನಾನು ಯಾವಾಗಲೂ ಮಣ್ಣಿನ ಬದಿ, ಅವರು ರಸ್ತೆಯ ಬದಿ.

ಓಟಕ್ಕೆ ಒಂದು ಸಮಿತಿ ಆಗಿತ್ತು. ಅಧ್ಯಕ್ಷರು ಆ ಕಡೆಯ ಬಸ್ಸು ಮಾಲೀಕರೊಬ್ಬರು. ಮೆತ್ತಗೆ ಮಾತಾಡುವ ಮನುಷ್ಯ. ಬ್ಯಾನರು ಅವರದ್ದು, ಓಡುವವರ ಬನಿಯನ್ನು ಅವರದ್ದು, ಬನಿಯನ್ನಿನ ಎದೆಯ ಮೇಲೆ ಅವರ ಬಸ್ಸಿನ ಹೆಸರು.

ಮಳೆಗಾಲ ಕಳೆದು, ಓಟಕ್ಕೆ ಹದಿನೆಂಟು ದಿನ ಉಳಿದಿದ್ದ ಒಂದು ಬುಧವಾರ. ಎರಡು ಸಣ್ಣ, ಒಂದು ಉದ್ದ. ನಾವು ಮೋರಿ ದಾಟಿ ಬಹಳ ಮುಂದೆ ಬಂದಿದ್ದೆವು, ಕಟಪಾಡಿಯ ಅಂಗಡಿ ಕಾಣುತ್ತಿತ್ತು. “ಇವತ್ತು ಆಗ್ತದೆ!” ಎಂದರು ಟೀಚರ್. ಮಣ್ಣಿಗೆ ಇಳಿದೆವು. ಬಸ್ಸು ಹೋಯಿತು. ಧೂಳಿನಲ್ಲೇ ಡಾಮರಿಗೆ ಹತ್ತಿದೆವು.

ಅದರ ಬಾಲಕ್ಕೆ ಅಂಟಿಕೊಂಡು ಇನ್ನೊಂದು ಬಸ್ಸು ಇತ್ತು. ಅಧ್ಯಕ್ಷರ ಹೊಸ ಎಕ್ಸ್‌ಪ್ರೆಸ್, ಅದೇ ದಿನ ಶುರುವಾದದ್ದು. ಅದರ ಟೈಮು ಆರು ಐವತ್ಮೂರು. ಮುಂದಿನವನ ಪ್ರಯಾಣಿಕರನ್ನು ಕಟಪಾಡಿಯಲ್ಲಿ ತಾನು ಹತ್ತಿಸಿಕೊಳ್ಳಬೇಕೆಂದು ಮೂರು ನಿಮಿಷವನ್ನು ರಸ್ತೆಯಲ್ಲೇ ತಿಂದು ಬಂದಿತ್ತು. ಹಾರ್ನು ಹಾಕಲಿಲ್ಲ. ಮುಂದಿನ ಬಸ್ಸನ್ನು ಎಡದಿಂದ ನುಗ್ಗಿ ಹಿಂದೆ ಹಾಕಲು ಅರ್ಧ ಮಣ್ಣಿಗೆ ಇಳಿದಿತ್ತು. ಧೂಳಿನಿಂದ ಅದರ ಮೂತಿ ಹೊರಗೆ ಬಂದದ್ದು ನನಗೆ ಈಗಲೂ ದಿನಾ ಕಾಣುತ್ತದೆ. ಉದ್ಘಾಟನೆಯ ಹಾರವಿತ್ತು. ಶಂಕರಪುರದ ಮಲ್ಲಿಗೆ, ಬಾಡಿರಲಿಲ್ಲ.

ನನ್ನ ಪಕ್ಕೆಗೆ ಒಂದು ಮೊಣಕೈ ಬಡಿಯಿತು. ನಾನು ಗದ್ದೆಯ ಕೆಸರಿನಲ್ಲಿದ್ದೆ. ಎದ್ದು ನೋಡಿದಾಗ ಟೀಚರ್ ಡಾಮರಿನ ಅಂಚಿನಲ್ಲಿ ಬಿದ್ದಿದ್ದರು, ಎಡಗಾಲು ತೊಡೆಯ ಹತ್ತಿರ ತಪ್ಪು ದಿಕ್ಕಿಗೆ ತಿರುಗಿತ್ತು. ಸುತ್ತ ಹುರುಳಿ ಚೆಲ್ಲಿತ್ತು. ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಇಳಿದು ಬಂದು ನೋಡಿದ. ವಾಪಸು ಓಡಿಹೋಗಿ ಡ್ರೈವರನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಜೀವ ಉಂಟು. ಹೋಗುವ, ಟೈಮ್ ಆಗ್ತದೆ.”

ಹೋದರು. ಮೊದಲ ಬಸ್ಸೇ ಹಿಂದಕ್ಕೆ ಬಂದು, ಒಳಗಿದ್ದ ಪ್ರಯಾಣಿಕರ ಸಮೇತ ನಮ್ಮನ್ನು ನೇರ ಮಣಿಪಾಲಕ್ಕೆ ಮುಟ್ಟಿಸಿತು. ದಾರಿಯಲ್ಲಿ ಯಾರೋ, “ರಕ್ತ ಮುಟ್ಟಬೇಡಿ, ಅವರಿಗೆ ಅದು ಇದ್ದದ್ದಲ್ವಾ” ಎಂದರು. ಟೀಚರ್ ಕಣ್ಣು ಮುಚ್ಚಿಕೊಂಡೇ, “ಅದು ರಕ್ತದಲ್ಲಿ ಬರುವುದಲ್ಲ ಮಾರಾಯರೆ” ಎಂದರು. ಅಷ್ಟು ಎಚ್ಚರ ಇತ್ತು ಅವರಿಗೆ. ಇದನ್ನು ನೆನಪಿಟ್ಟುಕೊಳ್ಳಿ.

ಸಂಜೆ ನನ್ನನ್ನು ಠಾಣೆಗೆ ಕರೆದರು. ಅಪ್ಪ ಜತೆಗಿದ್ದರು. ಅಧ್ಯಕ್ಷರು ನಮಗಿಂತ ಮೊದಲೇ ಬಂದು ಕುಳಿತಿದ್ದರು.

“ಓದಿದವಳು ನೀನು, ನಿನಗೆ ಅರ್ಥ ಆಗ್ತದೆ” ಎಂದು ಮೆತ್ತಗೆ ಶುರು ಮಾಡಿದರು. “ಕೇಸಾದರೆ ನಾನು ಸಮಿತಿಯಲ್ಲಿ ಇರಲಿಕ್ಕಾಗುವುದಿಲ್ಲ. ನಾನಿಲ್ಲದೆ ಓಟ ಇಲ್ಲ. ಓಟ ಇಲ್ಲದೆ ಕೋಣೆ ಇಲ್ಲ. ಟೀಚರ ಆಸೆ ಎಂತದ್ದು? ಕೋಣೆ ಅಲ್ವಾ? ಅವರಿಗೆ ಮೊದಲೇ ಸೌಖ್ಯ ಇರಲಿಲ್ಲ. ತಲೆ ತಿರುಗಿ ಬಸ್ಸಿನ ಕಡೆಗೆ ವಾಲಿದರು ಎಂದರೆ ಯಾರಿಗೂ ತೊಂದರೆ ಇಲ್ಲ.”

ನಾನು ಅಪ್ಪನ ಮುಖ ನೋಡಿದೆ. “ಹೆಣ್ಣುಮಗಳು ಕೋರ್ಟು ಹತ್ತುವುದು ಬೇಡ ಮಗಳೇ. ಅವರೇ ಓಟ ನಡೆಸ್ತಾರೆ ಎನ್ನುವಾಗ ನಮಗೆಂತ?” ಎಂದರು ಅಪ್ಪ. ಬಸ್ಸಿನಲ್ಲಿ ಟೀಚರ ಪಕ್ಕ ಕೂರದೆ ನಿಂತುಕೊಂಡು ಹೋದ ಅದೇ ಅಪ್ಪ.

ಬರೆದುಕೊಂಡ ಪೊಲೀಸಿನವರು, ಸ್ಥಳದಲ್ಲಿ ಚೆಲ್ಲಿದ್ದ ಹುರುಳಿ ಯಾವ ಗೋಣಿಯಿಂದ ಬಿದ್ದದ್ದು ಎಂದು ಕೇಳಿದರು. ಗಂಡಸರ ಎದುರು ಹೇಳಲು ನಾಚಿಕೆಯಾಯಿತು. ಗೊತ್ತಿಲ್ಲ ಎಂದೆ. ಒಂದು ಸುಳ್ಳು ಹೇಳಿಯಾದ ಮೇಲೆ ಇನ್ನೊಂದು ಸುಲಭವಾಗಿ ಬಂತು. ‘ಓಡುತ್ತಿರುವಾಗ ಸದ್ರಿಯವರಿಗೆ ತಲೆ ತಿರುಗಿ...’ ಎಂದು ಅವರು ಓದಿದರು. ‘ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿಯಾಗಿದೆ’ ಎಂಬುದರ ಕೆಳಗೆ ನಾನು ರುಜು ಹಾಕಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದಿದ್ದ ರುಜು ಅದು.

ಒಂಬತ್ತನೆಯ ದಿನ ಆಸ್ಪತ್ರೆಗೆ ಹೋದೆ. ಕಾಲಿಗೆ ತೂಕ ಕಟ್ಟಿ ಮೇಲಕ್ಕೆ ಎಳೆದಿದ್ದರು. ಮಂಚದ ಪಕ್ಕ ಅಧ್ಯಕ್ಷರು ತಂದಿಟ್ಟ ಹಾರ್ಲಿಕ್ಸ್ ಬಾಟಲಿ, ಮುಚ್ಚಳ ತೆಗೆದಿರಲಿಲ್ಲ.

“ನನಗೆ ಮಂಡೆ ತಿರುಗಿತಂತೆ, ಹೌದಾ?” ದನಿ ತಗ್ಗಿತ್ತು. ನಾನು ಹತ್ತಿರ ಹೋಗಬೇಕಾಯಿತು.

“ಓಟ ನಿಲ್ಲಬಾರದು ಅಂತ...”

“ನಾಲ್ಕು ವರ್ಷ ನನಗೆ ಶೀತ ಆದರೂ ಯಾರಿಗೂ ಹೇಳಲಿಲ್ಲ. ಒಮ್ಮೆ ಕೆಮ್ಮಿದರೆ ಸಾಕು, ಅದೇ, ತಿರುಗಿ ಬಂತು ಎನ್ನುತ್ತಾರೆ. ಸೌಖ್ಯ ಇದ್ದೇನೆ, ಸೌಖ್ಯ ಇದ್ದೇನೆ ಎಂದು ತೋರಿಸಲಿಕ್ಕೆ ಮಳೆಯಲ್ಲಿ ಓಡಿದೆ. ಬಸ್ಸು ಕಾಲು ಮುರಿಯಿತು, ಅದು ಕೂಡ್ತದೆ. ನೀನು ನನ್ನನ್ನು ಪುನಃ ರೋಗಿ ಮಾಡಿದೆಯಲ್ಲ ಮಗಾ.”

“ನೀವೇ ಹೇಳಬಹುದಲ್ಲ ಟೀಚರೇ?”

“ನಾನು ಹೇಳಿದೆ. ಕಾಯಿಲೆಯವಳು, ಅವಳಿಗೆ ನೆನಪಿಲ್ಲ ಎಂದರು ಪೊಲೀಸಿನವರು. ನೋಡಿದವಳು ನೀನು. ನೀನು ಹೇಳಿದರೆ ಮಾತ್ರ ಆಗುವುದು.”

ಹೋಗುವಾಗ ಕೇಳಿದೆ: “ನನ್ನನ್ನು ನೀವು ದೂಡಿದ್ದಾ?”

“ಓಡುವಾಗ ಕೈ ಬೀಸುವುದಲ್ವಾ. ತಾಗಿತು” ಎಂದರು, ಗೋಡೆಯ ಕಡೆಗೆ ತಿರುಗಿ.

ಓಟ ನಡೆಯಿತು. ನಾನೂ ಓಡಿದೆ, ಎದೆಯ ಮೇಲೆ ಆ ಬಸ್ಸಿನ ಹೆಸರು ಹೊತ್ತುಕೊಂಡು, ಮಣಿಪಾಲದ ಏರನ್ನು ಹತ್ತಿ. ಟೀಚರನ್ನು ಆಸ್ಪತ್ರೆಯಿಂದಲೇ, ಕಾಲಿಗೆ ಹಲಗೆ ಕಟ್ಟಿ, ಗಾಲಿಕುರ್ಚಿಯಲ್ಲಿ ವೇದಿಕೆಗೆ ತಂದಿದ್ದರು. ಅಧ್ಯಕ್ಷರು ಭಾಷಣ ಮಾಡಿ, “ರೋಗದ ನಿಶ್ಶಕ್ತಿಯಿಂದ ದಾರಿಯಲ್ಲೇ ಕುಸಿದ ಈ ತಾಯಿ” ಎಂದರು. ಜನ ಲೊಚಗುಟ್ಟಿದರು. ವಂದನಾರ್ಪಣೆ ನನ್ನದು. ಮೈಕು ನನ್ನ ಕೈಯಲ್ಲಿತ್ತು, ಟೀಚರ ಕಣ್ಣು ನನ್ನ ಮೇಲಿತ್ತು. ಒಂದೇ ವಾಕ್ಯ ಸಾಕಿತ್ತು. ನಾನು ಚೀಟಿ ನೋಡಿ ಬನಿಯನ್ನು ಕೊಟ್ಟವರಿಗೆ, ಪಾನಕ ಕೊಟ್ಟವರಿಗೆ, ಮುಖ್ಯವಾಗಿ ಅಧ್ಯಕ್ಷರಿಗೆ ಧನ್ಯವಾದ ಹೇಳಿದೆ. ಕೆಳಗಿಳಿದಾಗ ಟೀಚರ್ ಹೇಳಿದ್ದು ಇಷ್ಟೇ: “ಓಡಿದ್ದು ಪರವಾಗಿಲ್ಲ. ಉಸಿರು ಮಾತ್ರ ಈಗಲೂ ಮೇಲಿಂದಲೇ ತೆಗೀತೀ.”

ಎರಡು ಕೋಣೆ ಅಂದದ್ದು ಒಂದೇ ಆಯಿತು. ಬಾಗಿಲ ಮೇಲಿನ ಕಲ್ಲಿನಲ್ಲಿ ಅಧ್ಯಕ್ಷರ ತಂದೆಯ ಹೆಸರಿದೆ. ಟೀಚರ ಎಡಗಾಲು ಒಂದೂವರೆ ಇಂಚು ಗಿಡ್ಡವಾಯಿತು. ಮತ್ತೆ ಆರು ವರ್ಷ ಅವರು ಕುಂಟುತ್ತಲೇ ಡ್ರಿಲ್ ಮಾಡಿಸಿದರು, ರೋಗ ಮರಳಿ ಬರಲೇ ಇಲ್ಲ. ಆದರೆ ಆ ಕುಂಟನ್ನು ನೋಡಿದ ಪ್ರತಿಯೊಬ್ಬ ಹೊಸ ಹುಡುಗಿಗೂ ಊರು ಹೇಳಿದ್ದು ಒಂದೇ: “ಅವರಿಗೆ ಅದು ಇತ್ತಲ್ಲ, ಅದರಿಂದ.” ನಮ್ಮೂರಲ್ಲಿ ಎದೆಯಲ್ಲಿ ಗಂಟು ಕಂಡರೂ ಡಾಕ್ಟರ ಹತ್ತಿರ ಹೋಗದೆ ಬಾಯಿ ಮುಚ್ಚಿ ಕುಳಿತ ಹೆಂಗಸರು ಎಷ್ಟು ಜನವೋ. ಹೋಗಿ ಏನು ಪ್ರಯೋಜನ, ಟೀಚರನ್ನೇ ನೋಡಿ ಎಂದು ಅವರಿಗೆ ಹೇಳಿಕೊಟ್ಟದ್ದು ನನ್ನ ರುಜು.

ನಾನೀಗ ಕಾರ್ಕಳದ ಕಡೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ದಿನಾ ಬಸ್ಸೇ ಗತಿ. ಹಿಂದಿನಿಂದ ಇನ್ನೊಂದು ಬಸ್ಸು ಮೇಲೆ ಬರುತ್ತಿರುವಾಗ ನನ್ನ ಕೈ ಎದುರಿನ ಸೀಟಿನ ಕಂಬಿಯನ್ನು ತಾನಾಗಿ ಹಿಡಿಯುತ್ತದೆ. ಕಂಡಕ್ಟರ್ “ರೈಟ್ ರೈಟ್” ಎನ್ನುತ್ತಾನೆ.

ಹೋದ ತಿಂಗಳ ಸಭೆಗೂ ಮುಖ್ಯ ಅತಿಥಿ ಅಧ್ಯಕ್ಷರೇ. ಅದೇ ಮೆತ್ತಗಿನ ದನಿ, ಅದೇ ‘ಕುಸಿದ ತಾಯಿ’. ಟೀಚರ ಕೊರಳಿಗೆ ದಪ್ಪ ಮಲ್ಲಿಗೆ ಹಾರ ಹಾಕಿದರು. ಟೀಚರ್ ಅದನ್ನು ಮೂಸಿ ನೋಡಿ, ಮೈಕಿಗೆ ಕೇಳುವಂತೆ, “ಇದನ್ನು ಯಾರು ಕಟ್ಟಿದ್ದು ಅಂತ ವಿಚಾರಿಸಿದಿರಾ?” ಎಂದರು. ಸಭೆ ನಕ್ಕಿತು. ಯಾರಿಗೂ ಅರ್ಥವಾಗಲಿಲ್ಲ.

ಮುಗಿದ ಮೇಲೆ ಅವರ ಬಳಿ ಹೋದೆ. ಸಂಚಿಕೆ ಅವರ ಮಡಿಲಿನಲ್ಲಿತ್ತು.

“ನೀನು ಬರೆದದ್ದು ಓದಿದೆ. ಚಂದ ಉಂಟು. ಯಾರ ಬಗ್ಗೆ ಬರೆದದ್ದು?”

“ಬೇರೆ ಬರೆಯುತ್ತೇನೆ ಟೀಚರೇ.”

“ಬರಿ. ನನ್ನ ಹೆಸರು ಹಾಕಬೇಡ. ಹಾಕಿದರೆ ಅದರ ಹೆಸರನ್ನೂ ಪಕ್ಕದಲ್ಲೇ ಹಾಕ್ತಾರೆ. ಕಂಡದ್ದನ್ನು ಮಾತ್ರ ಬರಿ.”

ಕಂಡದ್ದು ಇಷ್ಟು. ಆ ಬುಧವಾರ ಬೆಳಿಗ್ಗೆ ಆರು ಐವತ್ತರ ಬಸ್ಸು ನಮ್ಮನ್ನು ದಾಟುವಾಗ ನಾವಿಬ್ಬರೂ ಮಣ್ಣಿನಲ್ಲಿದ್ದೆವು. ಅದು ಹೋದ ಮೇಲೆ ಡಾಮರಿಗೆ ಹತ್ತಿದೆವು. ಹಿಂದಿನಿಂದ ಬಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನು ಹಾಕದೆ, ಎಡದಿಂದ ನುಗ್ಗಿ, ಟೀಚರಿಗೆ ಹೊಡೆದು, ಅವರನ್ನು ಬಿದ್ದಲ್ಲೇ ಬಿಟ್ಟು ಹೋಯಿತು. ನನ್ನನ್ನು ಅವರು ದೂಡಿದ್ದರಿಂದ ನಾನು ಉಳಿದೆ. ರಸ್ತೆಯಲ್ಲಿ ಚೆಲ್ಲಿದ್ದ ಹುರುಳಿ ಯಾವ ಗೋಣಿಯದ್ದೂ ಅಲ್ಲ, ಅವರ ಎದೆಯದ್ದು. ಅವರಿಗೆ ತಲೆ ತಿರುಗಿರಲಿಲ್ಲ. ಅಷ್ಟು ಚೆನ್ನಾಗಿ ಅವರು ಅದುವರೆಗೆ ಎಂದೂ ಓಡಿರಲಿಲ್ಲ.

ಇದನ್ನು ಯಾರೂ ನನಗೆ ಓದಿ ಹೇಳಿದ್ದಲ್ಲ. ನಾನೇ ಬರೆದದ್ದು. ಸರಿಯಾಗಿದೆ.